ಮಳೆಗಾಲಕ್ಕೊಂದು ಬೆಂಕಿಪೊಟ್ಟಣ

ಬೆಂಕಿಪೊಟ್ಟಣ ಕೊಳ್ಳುವುದೂ ಒಂದು ವಿದ್ಯೆ ಎಂದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ನನ್ನ ತವರು ಮಿರ್ಲೆಯ ಕಡೆ. ನಾಲೆ ನೀರು, ಭತ್ತದ ಗದ್ದೆ, ಕಬ್ಬು. ನಮ್ಮಲ್ಲಿ ಬೆಂಕಿಪೊಟ್ಟಣ ಅಡುಗೆಮನೆಯ ಗೂಡಿನಲ್ಲಿ ಎಲ್ಲೋ ಬಿದ್ದಿರುತ್ತಿತ್ತು. ಅದರ ಬಗ್ಗೆ ಯೋಚನೆ ಮಾಡುವುದು ಅದು ಖಾಲಿಯಾದ ದಿನ ಮಾತ್ರ. ತೊಂಬತ್ತರ ದಶಕದ ಕೊನೆಯಲ್ಲಿ ಹನಗೋಡಿನ ಕಡೆಯ ಹೊಗೆಸೊಪ್ಪಿನ ಮನೆಗೆ ಸೊಸೆಯಾಗಿ ಬಂದೆ. ಬಂದ ಮೊದಲ ಮಳೆಗಾಲದಲ್ಲೇ ಅತ್ತೆ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದರು. ಸೀರೆ ಕೊಡಿಸುತ್ತಾರೇನೋ ಎಂದುಕೊಂಡು ನಾನು ತಲೆ ಬಾಚಿ, ಹೂ ಮುಡಿದು ಹೊರಟಿದ್ದೆ.

ಹೋದದ್ದು ದಿನಸಿ ಅಂಗಡಿಗೆ. ಅಂಗಡಿಯವರು ಅತ್ತೆಯನ್ನು ದೂರದಿಂದಲೇ ಕಂಡು, ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟು ನಿಟ್ಟುಸಿರುಬಿಟ್ಟರು. ಕೇಳುವ ಮೊದಲೇ ಬೆಂಕಿಪೊಟ್ಟಣದ ಕಟ್ಟೊಂದನ್ನು ಮುಂದಿಟ್ಟರು. ಅತ್ತೆ ಮೇಲಿನ ಕಾಗದ ಹರಿದು, ತಳದ ಸಾಲಿನ ಪೊಟ್ಟಣಗಳನ್ನೆಲ್ಲ ಮೊದಲು ಪಕ್ಕಕ್ಕೆ ತಳ್ಳಿದರು. ತಳದವು ನೆಲದ ತೇವ ಕುಡಿದಿರುತ್ತವಂತೆ. ಉಳಿದವನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಕುಲುಕಿದರು. ಒಣಗಿದ ಕಡ್ಡಿ ಗಲಗಲ ಅನ್ನಬೇಕು, ತೇವದ ಕಡ್ಡಿ ನೆಗಡಿಯಾದವರ ಹಾಗೆ ಮಾತಾಡುತ್ತದೆ ಎಂದು ನನಗೆ ತಿಳಿಸಿದರು. ಕುಲುಕಿ ಪಾಸಾದದ್ದನ್ನು ತೆರೆದು ಮೂಸಿದರು. ಕಡ್ಡಿಯ ತುದಿಯ ಮದ್ದು ದುಂಡಗಿದೆಯೇ, ಬೋಳಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು. ಪಕ್ಕದ ಗೀಚುವ ಪಟ್ಟಿಯನ್ನು ಹೆಬ್ಬೆರಳಿನಿಂದ ಉಜ್ಜಿದರು. ಕೊನೆಗೆ ಅಂಗಡಿಯ ಬಾಗಿಲಿಗೆ ಬಂದು, ಗಾಳಿ ಬರುವ ಕಡೆಗೆ ಬೆನ್ನು ಹಾಕಿ, ಒಂದು ಕಡ್ಡಿ ಗೀಚಿದರು. ಅದು ಹತ್ತಿದ ಮೇಲೂ ಸಮಾಧಾನವಿಲ್ಲ. ಕಡ್ಡಿಯ ಮರಕ್ಕೂ ಉರಿ ಹತ್ತುವ ತನಕ ಹಿಡಿದು ನಿಂತರು.

“ಅಕ್ಕಾ, ಹೆಣ್ಣು ನೋಡಕ್ಕೆ ಬಂದೋರೂ ಇಷ್ಟು ನೋಡಲ್ಲ ಕಣಕ್ಕ” ಎಂದರು ಅಂಗಡಿಯವರು.

“ಹೆಣ್ಣು ಸರಿಯಿಲ್ದಿದ್ರೆ ತವರಿಗೆ ಕಳಿಸ್ಬೌದು. ಬೆಂಕಿಪೊಟ್ನ ಸರಿಯಿಲ್ದಿದ್ರೆ ನೀನು ವಾಪಸ್ ತಕ್ಕೊಂಡೀಯಾ?” ಎಂದರು ಅತ್ತೆ.

ನಾನು ಪಕ್ಕದಲ್ಲೇ ನಿಂತಿದ್ದೆ. ನನಗೆ ಮೊದಲಿನಿಂದಲೂ ಕೋಪ ಮೂಗಿನ ತುದಿಯಲ್ಲೇ. ಆದರೂ ಹೊಸ ಸೊಸೆ, ನುಂಗಿಕೊಂಡೆ. ನನ್ನನ್ನು ನೋಡಲು ಬಂದಾಗ ಅತ್ತೆ ಒಂದು ಲೋಟ ಕಾಫಿ ಕುಡಿದು, ಹೆಸರು ಕೇಳಿ, ಎದ್ದು ಹೋಗಿದ್ದರು. ಕುಲುಕಿಯೂ ನೋಡಿರಲಿಲ್ಲ, ಬೆಳಕಿಗೂ ಹಿಡಿದಿರಲಿಲ್ಲ.

ಇಷ್ಟೆಲ್ಲ ಏಕೆಂದರೆ ಬ್ಯಾರನ್. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಹೊಗೆಸೊಪ್ಪು ಬೇಯಿಸಲು ಹೊಲದ ಮೂಲೆಯಲ್ಲಿ ಕಿಟಕಿಯಿಲ್ಲದ, ಎತ್ತರದ ಒಂದು ಮಣ್ಣಿನ ಕಟ್ಟಡ ಇರುತ್ತದೆ. ಅದೇ ಬ್ಯಾರನ್. ಹಸಿ ಎಲೆಯನ್ನು ಕೋಲುಗಳಿಗೆ ಕಟ್ಟಿ ಒಳಗೆ ಅಟ್ಟಣಿಗೆಯಂತೆ ಸಾಲುಸಾಲಾಗಿ ನೇತುಹಾಕುತ್ತಾರೆ. ಬಾಗಿಲು ಮುಚ್ಚಿ, ಸಂದಿಗಳಿಗೆ ಹಸಿಮಣ್ಣು ಮೆತ್ತುತ್ತಾರೆ. ಒಲೆಯ ಬಾಯಿ ಮಾತ್ರ ಹೊರಗೆ, ಮಳೆ ಗಾಳಿಗೆ ಮುಖ ಕೊಟ್ಟುಕೊಂಡಿರುತ್ತದೆ. ಅಲ್ಲಿ ಹಾಕಿದ ಬೆಂಕಿ ದಿನಗಟ್ಟಲೆ ಆರಕೂಡದು. ತುಂಬಿದ ಸಂಜೆಯೇ ಬೆಂಕಿ ಬೀಳಬೇಕು. ತಡವಾದರೆ ಹಸಿ ಎಲೆ ತನ್ನಷ್ಟಕ್ಕೇ ಬೆಂದು ಕಪ್ಪಾಗುತ್ತದೆ. ಕಪ್ಪಾದ ಸೊಪ್ಪನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಎಲೆ ಬಲಿಯುವುದು ಮಾತ್ರ ಸರಿಯಾಗಿ ಮಳೆ ಹಿಡಿದುಕೊಂಡ ಕಾಲಕ್ಕೇ.

ಇದರ ಮೇಲೆ ನಮ್ಮ ಮನೆಯ ಶಾಸ್ತ್ರಗಳು ಬೇರೆ. ಬ್ಯಾರನ್‌ಗೆ ಮೊದಲ ಬೆಂಕಿ ಹಾಕುವುದು ಮನೆಯ ಹಿರಿಯ ಹೆಂಗಸು. ಹೊಸ ಕಡ್ಡಿ ಗೀಚಿಯೇ ಹಾಕಬೇಕು. ಅಡುಗೆ ಒಲೆಯ ಕೆಂಡ ತರುವಂತಿಲ್ಲ, ಅದು ಅನ್ನ ಬೇಯಿಸಿದ ಎಂಜಲು ಬೆಂಕಿ. ಎಲ್ಲಕ್ಕಿಂತ ದೊಡ್ಡದು, ಬ್ಯಾರನ್ ಉರಿಯುತ್ತಿರುವ ಮನೆಯವರು ಬೇರೆಯವರಿಗೆ ಬೆಂಕಿ ಕೊಡಕೂಡದು. ಕೊಟ್ಟರೆ ಬ್ಯಾರನ್‌ನ ಕಾವು ಬೆಂಕಿಯ ಜೊತೆಗೇ ಹೊರಟುಹೋಗುತ್ತದಂತೆ. ಅತ್ತೆಗೆ ಅವರ ಅತ್ತೆ ಹೇಳಿದ್ದು. ಅವರಿಗೆ ಯಾರು ಹೇಳಿದ್ದರೋ, ಕೇಳಲು ಈಗ ಯಾರೂ ಇಲ್ಲ.

ಪಕ್ಕದ ಹೊಲ ಚಿಕ್ಕತ್ತೆಯದು, ಅಂದರೆ ನಮ್ಮ ಮಾವನ ತಮ್ಮನ ಹೆಂಡತಿಯದು. ಎರಡು ಬ್ಯಾರನ್‌ಗಳ ನಡುವೆ ಒಂದು ಬದು ಮಾತ್ರ. ನಾನು ಆ ಮನೆಗೆ ಬರುವ ಎಷ್ಟೋ ವರ್ಷ ಮೊದಲು, ಇಂಥದೇ ಮಳೆಯ ಒಂದು ಸಂಜೆ, ಚಿಕ್ಕತ್ತೆಯ ಕಡ್ಡಿಗಳೆಲ್ಲ ತೇವವಾಗಿ, ಆಕೆ ಓಡಿಬಂದು ಒಂದು ಬೆಂಕಿಪೊಟ್ಟಣ ಕೇಳಿದ್ದರು. ಅತ್ತೆಯ ಬ್ಯಾರನ್ ಆಗ ಧಗಧಗ ಉರಿಯುತ್ತಿತ್ತು. ಅತ್ತೆ ಕೊಡಲಿಲ್ಲ. ಆ ಸಲ ಚಿಕ್ಕತ್ತೆಯ ಬ್ಯಾರನ್ ಸೊಪ್ಪು ಪೂರ್ತಿ ಕಪ್ಪಾಯಿತು. “ಕೆಂಡ ಕೊಡಬಾರ್ದು ಅಂತ ಶಾಸ್ತ್ರ. ಬೆಂಕಿಪೊಟ್ನ ಬೆಂಕಿಯಾ? ಗೀಚೋ ತನಕ ಅದು ಬರೀ ಕಡ್ಡಿ ಕಣವ್ವ” ಎಂದು ಚಿಕ್ಕತ್ತೆ ಊರಿನ ಪ್ರತಿ ಜಗಲಿಯಲ್ಲೂ ನ್ಯಾಯ ಕೇಳಿದ್ದರು. ಊರು ಎರಡು ಪಾರ್ಟಿಯಾಯಿತು. ಅವರಿಬ್ಬರ ನಡುವೆ ಮಾತು ನಿಂತಿತು.

ಮಾತು ನಿಂತಿತು ಎಂದರೆ ನೇರ ಮಾತು. ಹೇಳುವುದೇನಾದರೂ ಇದ್ದರೆ ಹಸುವಿಗೆ ಹೇಳುತ್ತಿದ್ದರು. “ಏನೇ ಗೌರಿ, ಕೆಲವ್ರು ಬದಿನ ಮ್ಯಾಲಿನ ಹುಲ್ಲೆಲ್ಲಾ ತಮ್ದೇ ಅಂದ್ಕೊಂಡವ್ರೆ” ಎಂದು ಈ ಹಿತ್ತಲಿನಿಂದ ಕೇಳಿದರೆ, ಆ ಹಿತ್ತಲಿನ ಹಸುವಿಗೆ ತಕ್ಕ ಉತ್ತರ ಹೋಗುತ್ತಿತ್ತು. ನಾನು ಬಂದ ಮೇಲೆ ಹಸುಗಳ ಕೆಲಸ ಕಡಿಮೆಯಾಗಿ ನನ್ನ ಕೆಲಸ ಜಾಸ್ತಿಯಾಯಿತು.

ಅತ್ತೆಯ ಬೆಂಕಿಪೊಟ್ಟಣದ ಹುಚ್ಚು ಶುರುವಾದದ್ದೂ ಆ ಜಗಳದಿಂದಲೇ. ಇನ್ನು ಜನ್ಮದಲ್ಲಿ ಪಕ್ಕದ ಬ್ಯಾರನ್‌ಗೆ ಹೋಗಿ ಕಡ್ಡಿ ಕೇಳುವ ಹಾಗಿಲ್ಲವಲ್ಲ. ಹಾಗಾಗಿ ಎಂಥ ಮಳೆಯಲ್ಲೂ ಹತ್ತುವ ಕಡ್ಡಿ ತಮ್ಮಲ್ಲೇ ಇರಬೇಕು. ಅದಕ್ಕಾಗಿ ಅವರು ಮಾಡದ ಪ್ರಯೋಗ ಇಲ್ಲ. ಮೇಣದ ಕಡ್ಡಿ ಬಂದ ಹೊಸದರಲ್ಲಿ ತಂದರು. ಅದು ಗೀಚಿದರೆ ಬಳುಕಿ ಬಗ್ಗಿತು. “ಮದುವಣಗಿತ್ತಿ ಹಂಗೆ ತಲೆ ತಗ್ಗಿಸ್ತದೆ” ಎಂದು ಅದನ್ನು ದೇವರಮನೆಗೆ ದಾಟಿಸಿದರು. ಹುಣಸೂರಿನ ಸಂತೆಯಲ್ಲಿ ಕೊಡೆಯ ಚಿತ್ರವಿದ್ದ ಒಂದು ಪೊಟ್ಟಣ ಸಿಕ್ಕಿತು. ಕೊಡೆ ಇದೆ ಎಂದರೆ ಮಳೆಗೆ ಮಾಡಿದ್ದೇ ಇರಬೇಕು ಎಂದು ತಂದರು. ಮಂಜು ಬಿದ್ದರೂ ಅದು ಮುಷ್ಕರ ಹೂಡುತ್ತಿತ್ತು. ನನ್ನ ಗಂಡ ಒಮ್ಮೆ ಲೈಟರ್ ತರುತ್ತೇನೆ ಎಂದಾಗ, “ಲೈಟರ್ ಬಂದ್ರೆ ಹಿಂದೇನೇ ಸಿಗರೇಟು ಬತ್ತದೆ” ಎಂದು ತಡೆದರು. ಊರಿಗೆಲ್ಲ ಹೊಗೆಸೊಪ್ಪು ಬೆಳೆದು ಕೊಡುವ ಮನೆಯಲ್ಲಿ ಒಬ್ಬರೂ ಸೇದಕೂಡದು ಎಂಬುದು ಅವರ ಕಾನೂನು.

ಪೊಟ್ಟಣ ಆಯ್ದ ಮೇಲೆ ಅದನ್ನು ಎಲ್ಲಿಡುವುದು ಎಂಬ ಪ್ರಶ್ನೆ. ಅಟ್ಟದ ಮೇಲೆ ಇಟ್ಟರೆ ಇಲಿ, ರಾಗಿಯಲ್ಲಿ ಹೂತರೆ ಹಿಟ್ಟಿಗೆ ಮದ್ದಿನ ವಾಸನೆ. ನಾನು ಬಂದ ಆ ವರ್ಷ ಅವರಿಗೆ ಹೊಸ ಆಲೋಚನೆ ಬಂತು. ಹಿಂದಿನ ಸಲದ ಸೊಪ್ಪು ಬೆಂದು ಇಳಿದ ಬ್ಯಾರನ್‌ನ ಒಳಗೆ ಹೋಗಿ, ಗೋಡೆ ಮುಟ್ಟಿ ನೋಡಿ, ಮುಖ ಅರಳಿಸಿಕೊಂಡು ಬಂದರು. “ಈ ಬ್ಯಾರನ್ ಗೋಡೆಗಿಂತ ಒಣಗಿರೋ ಜಾಗ ಇಡೀ ತಾಲ್ಲೂಕಲ್ಲೇ ಇಲ್ಲ ಕಣಮ್ಮಿ” ಎಂದರು. ಮಾತು ಸುಳ್ಳಲ್ಲ. ಒಳಗೆ ಕಾಲಿಟ್ಟರೆ ತುಟಿ ಒಡೆಯುವಷ್ಟು ಒಣ. ಆಯ್ದ ಪೊಟ್ಟಣಗಳನ್ನೆಲ್ಲ ಬಟ್ಟೆಯಲ್ಲಿ ಕಟ್ಟಿ, ಒಳಗಿನ ಗೋಡೆಯ ಗೂಟಕ್ಕೆ ನೇತುಹಾಕಿದರು. ನನಗೂ ಅದು ಬಲು ಬುದ್ಧಿವಂತಿಕೆ ಅನ್ನಿಸಿತು. ಗಂಡನಿಗೂ ಅನ್ನಿಸಿತು. ಮೂವರೂ ಸೇರಿ ಮೆಚ್ಚಿಕೊಂಡೆವು.

ಮುಂದಿನ ಬ್ಯಾರನ್ ತುಂಬುವ ದಿನ ಬೆಳಗಿನಿಂದಲೇ ಜಡಿಮಳೆ. ಎಲೆ ಮುರಿದದ್ದೂ ಮಳೆಯಲ್ಲೇ, ಕಟ್ಟಿದ್ದೂ ಮಳೆಯಲ್ಲೇ. ನೀರು ಸೋರುವ ಎಲೆಗಳನ್ನು ಹಾಗೇ ಒಳಗೆ ನೇತುಹಾಕಿದರು. ಮಧ್ಯಾಹ್ನ ಕಳೆದು ಬಾಗಿಲು ಮುಚ್ಚಿ, ಮಣ್ಣು ಮೆತ್ತಿದ್ದಾಯಿತು. ಊರಿಗೂ ಹೊಲಕ್ಕೂ ನಡುವೆ ಒಂದು ಹಳ್ಳ. ಅದು ಏರುತ್ತಿದೆ ಎಂದು ನನ್ನ ಗಂಡ ಕೂಲಿಯವರನ್ನೆಲ್ಲ ಟ್ರ್ಯಾಕ್ಟರಿನಲ್ಲಿ ಹತ್ತಿಸಿಕೊಂಡು, “ಇಳಿಸ್ಬುಟ್ಟು ಬತ್ತೀನಿ” ಎಂದು ಹೋದರು. ಅವರು ದಾಟಿದ ಹಿಂದೆಯೇ ಹಳ್ಳ ಸೇತುವೆಯ ಮೇಲೆ ಹರಿಯಿತು. ಹೊಲದಲ್ಲಿ ಉಳಿದವರು ಅತ್ತೆ ಮತ್ತು ನಾನು. ಬದುವಿನ ಆಚೆ, ಎರಡು ದಿನದಿಂದ ಉರಿಯುತ್ತಿದ್ದ ತಮ್ಮ ಬ್ಯಾರನ್ ಕಾಯುತ್ತ ಚಿಕ್ಕತ್ತೆ.

ಅತ್ತೆ ಒಲೆಯ ಬಾಯಿಗೆ ಅರಿಶಿನ ಕುಂಕುಮ ಇಟ್ಟರು. ಸೌದೆ ಜೋಡಿಸಿದರು. ಸೀಮೆಎಣ್ಣೆಯ ಬಟ್ಟೆ ಸಿಕ್ಕಿಸಿದರು. ಕೈ ಮುಗಿದು, ಬೆಂಕಿಪೊಟ್ಟಣಕ್ಕೆ ಕೈ ಚಾಚಿದರು. ಚಾಚಿದ ಕೈ ಹಾಗೇ ನಿಂತಿತು. ಅವರು ನನ್ನನ್ನು ನೋಡಿದರು, ನಾನು ಬ್ಯಾರನ್ನನ್ನು ನೋಡಿದೆ. ಬೆಂಕಿ ಹಾಕಬೇಕಾದ ಬ್ಯಾರನ್‌ನ ಒಳಗೇ ಬೆಂಕಿಪೊಟ್ಟಣಗಳೆಲ್ಲ ಭದ್ರವಾಗಿದ್ದವು.

ಮೆತ್ತಿದ ಮಣ್ಣನ್ನು ಕಿತ್ತು ಬಾಗಿಲು ತೆರೆದೆವು. ತಾಲ್ಲೂಕಿನಲ್ಲೇ ಅತಿ ಒಣಗಿದ ಜಾಗದಲ್ಲಿ ಈಗ ಮೇಲಿನ ಸಾಲಿನ ಎಲೆ ಕೆಳಗಿನ ಸಾಲಿಗೆ, ಕೆಳಗಿನದು ನಮ್ಮ ತಲೆಗೆ ನೀರು ಸುರಿಸುತ್ತಿದ್ದವು. ಗೂಟದ ಗಂಟನ್ನು ಹಿಂಡಿದರೆ ನೀರು ಬಂತು. ಪೊಟ್ಟಣಗಳು ನೆನೆದ ಹಪ್ಪಳದ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಕಡ್ಡಿ ಹಿಡಿದರೆ ಮದ್ದು ಬೆರಳಿಗೆ ಬರುತ್ತಿತ್ತು. ಕುಲುಕಿ, ಮೂಸಿ, ಬೆಳಕಿಗೆ ಹಿಡಿದು ಆಯ್ದ ಕಡ್ಡಿಗಳು! ನನಗೆ ನಗು ಬಂತು. ಅತ್ತೆಯ ಮುಖ ನೋಡಿ ಕೆಮ್ಮಿ, ಬಾಗಿಲು ಮತ್ತೆ ಮುಚ್ಚಿ ಮಣ್ಣು ಮೆತ್ತಿದೆ.

ಅತ್ತೆಯ ಸೊಂಟದಲ್ಲಿ ಎಲೆ ಅಡಿಕೆಯ ಚೀಲದ ಜೊತೆ ಆ ಕೊಡೆಯ ಪೊಟ್ಟಣ ಒಂದಿತ್ತು. ಅದರಲ್ಲಿ ಉಳಿದಿದ್ದ ಕಡ್ಡಿಗಳನ್ನು ಒಂದೊಂದಾಗಿ ಗೀಚಿದೆವು. ಒಂದು ಹಸಿರು ಗೆರೆ ಎಳೆದು ಸುಮ್ಮನಾಯಿತು. ಒಂದು ಚುಸ್ ಎಂದಿತು. ಕೂದಲಿಗೆ ಉಜ್ಜಿದರೆ ಕಡ್ಡಿ ಒಣಗುತ್ತದೆ ಎಂದು ನಮ್ಮಜ್ಜಿ ಹೇಳಿದ್ದು ನೆನಪಾಗಿ ನನ್ನ ಕೂದಲಿಗೆ ಉಜ್ಜಿದೆ. ನನ್ನ ಕೂದಲಿನಿಂದಲೇ ನೀರು ಇಳಿಯುತ್ತಿತ್ತು. ಅತ್ತೆ ಪೊಟ್ಟಣವನ್ನು ಕಂಕುಳಲ್ಲಿ ಇಟ್ಟು, ಕಾವಿಗೆ ಕೂತ ಕೋಳಿಯ ಹಾಗೆ ಅಲುಗಾಡದೆ ಸ್ವಲ್ಪ ಹೊತ್ತು ಕುಳಿತರು. ತೆಗೆದು ಕೊನೆಯ ಕಡ್ಡಿ ಗೀಚಿದರು. ಅದು ಹತ್ತಿತು! ಇಬ್ಬರೂ ಒಟ್ಟಿಗೆ “ಹಾ!” ಎಂದೆವು. ಆ ಉಸಿರಿಗೇ ಆರಿತು.

ಹೊತ್ತು ಇಳಿಯುತ್ತಿತ್ತು. ಅತ್ತೆ ಬ್ಯಾರನ್ ಗೋಡೆಗೆ ಕಿವಿ ಇಟ್ಟು, ಆಮೇಲೆ ಅಂಗೈ ಇಟ್ಟು ನೋಡಿದರು. ವರ್ಷದ ಒಳ್ಳೆಯ ಎಲೆಯೆಲ್ಲ ಆ ಗೋಡೆಯ ಒಳಗಿತ್ತು. ಬೆಳಗಿನ ತನಕ ಹೀಗೇ ಬಿಟ್ಟರೆ ಏನಾಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬದುವಿನ ಆಚೆ ಚಿಕ್ಕತ್ತೆಯ ಬ್ಯಾರನ್ ಕೊಳವೆಯಿಂದ ಹೊಗೆ ಧಾರಾಳವಾಗಿ ಏಳುತ್ತಿತ್ತು.

“ಚಿಕ್ಕತ್ತೆ ಹತ್ರ ಕೇಳ್ಕೊಂಡು ಬರ್ಲಾ?” ಎಂದೆ. ಅತ್ತೆ ಜೋಡಿಸಿದ ಸೌದೆಯನ್ನೇ ಮತ್ತೆ ಜೋಡಿಸತೊಡಗಿದರು. ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ನಾನೇ ಬದು ದಾಟಿದೆ.

ಚಿಕ್ಕತ್ತೆ ಒಲೆಯ ಮುಂದೆ ಬೆಚ್ಚಗೆ ಕುಳಿತು ಹಲಸಿನ ಬೀಜ ಸುಡುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, “ಏಸು ಕಡ್ಡಿ ಸತ್ವು?” ಎಂದರು. ಎಲ್ಲವನ್ನೂ ಅಲ್ಲಿಂದಲೇ ನೋಡಿದ್ದರು. ವಿಷಯ ಹೇಳಿದೆ. ಅವರು ಒಂದು ಬೀಜದ ಸಿಪ್ಪೆ ಸುಲಿದು ನನ್ನ ಕೈಗಿಟ್ಟರು.

“ಬೀಜ ತಿನ್ನವ್ವ. ಬೆಂಕಿ ಮಾತ್ರ ಕೊಡಂಗಿಲ್ಲ. ನನ್ ಬ್ಯಾರನ್ ಉರೀತಾ ಐತೆ. ಈ ಶಾಸ್ತ್ರ ನಂಗೆ ಯೋಳ್ಕೊಟ್ಟೋರು ಯಾರು, ಕೇಳು ನಿಮ್ಮತ್ತೇನ.”

“ಹೋಗ್ಲಿ ಬಿಡಿ ಚಿಕ್ಕತ್ತೆ, ಹಳೇದು.”

“ನಿಂಗೆ ಹಳೇದು. ನನ್ ಸೊಪ್ಪು ಕಪ್ಪಾಗಿದ್ದು ನಂಗೆ ನೆನ್ನೆ ಆದಂಗೈತೆ. ಬೇಕಂದ್ರೆ ಅವ್ಳೇ ಬಂದು ಕೇಳ್ಲಿ.”

ವಾಪಸು ಬಂದು ಹೇಳಿದೆ. ಅತ್ತೆ ಒಲೆಯ ಬಾಯಿಗೆ ಬೆನ್ನು ಹಾಕಿ ಕುಳಿತು, “ಕೇಳಲ್ಲ. ಕಪ್ಪಾದ್ರೆ ಆಗ್ಲಿ” ಎಂದರು. ನನ್ನ ಕೋಪ ಅಲ್ಲಿ ಕಟ್ಟೆಯೊಡೆಯಿತು. ಬೆಳಗಿನಿಂದ ಮಳೆಯಲ್ಲಿ ಎಲೆ ಮುರಿದು ನನ್ನ ಕೈಯೆಲ್ಲ ಅಂಟು, ಬೆನ್ನು ಬಗ್ಗಿಸಲು ಆಗುತ್ತಿರಲಿಲ್ಲ.

“ಕಪ್ಪಾಗ್ಲಿ ಅನ್ನೋಕೆ ಈ ಸೊಪ್ಪು ನೀವೊಬ್ರೇ ಮುರಿದಿದ್ದಲ್ಲ ಅತ್ತೆ. ನನ್ ಕೈ ನೋಡಿ ಇಲ್ಲಿ. ನಿಮ್ಗೆ ಸೊಪ್ಪು ದೊಡ್ಡದೋ, ಮೂಗು ದೊಡ್ಡದೋ?” ಎಂದು ಕಿರುಚಿದೆ. ಮಳೆಯ ಸದ್ದಿಗೆ ಸಣ್ಣದಾಗಿ ಹೇಳಿದರೆ ಕೇಳುವಂತಿರಲಿಲ್ಲ ಎಂದು ಆಮೇಲೆ ಸಮಜಾಯಿಷಿ ಕೊಟ್ಟೆ.

ಅತ್ತೆ ನನ್ನನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಕುಲುಕಿ ನೋಡದೆ ತಂದದ್ದರ ಫಲ ಎಂದುಕೊಂಡರೇನೋ. ಎದ್ದರು. ನನ್ನ ತಲೆಯ ಮೇಲಿನ ಗೊಬ್ಬರದ ಚೀಲ ಕಿತ್ತುಕೊಂಡು ತಾವು ಹಾಕಿಕೊಂಡರು. ಬದು ದಾಟಿದರು. ನಾನು ಹಿಂದೆ ಹೋದೆ, ಇದನ್ನು ಬಿಡುವುದುಂಟೇ.

ಚಿಕ್ಕತ್ತೆಯ ಒಲೆಯಿಂದ ನಾಲ್ಕು ಮಾರು ದೂರದಲ್ಲಿ ನಿಂತು, ಅತ್ತೆ ಎಲ್ಲೋ ಆಕಾಶ ನೋಡುತ್ತ, “ಬೆಂಕಿಪೊಟ್ನ ಐತಾ ಅಂತ” ಎಂದರು.

“ಯಾರ್ನ ಕೇಳ್ತಾವ್ರೆ? ಇಲ್ಲಿ ಹಸ ಇಲ್ಲ” ಎಂದರು ಚಿಕ್ಕತ್ತೆ.

ಅತ್ತೆಯ ಕೊಪ್ಪೆಯ ತುದಿಯಿಂದ ನೀರು ಅವರ ಮೂಗಿನ ಮೇಲೇ ತೊಟ್ಟಿಕ್ಕುತ್ತಿತ್ತು. ಅವರು ಒರೆಸಿಕೊಳ್ಳಲಿಲ್ಲ.

“ನಿನ್ನೇ ಕಣೆ ಕೇಳ್ತಿರೋದು” ಎಂದರು.

ಚಿಕ್ಕತ್ತೆ ಬೆಂಕಿಯನ್ನೇ ನೋಡುತ್ತ, “ಕೊಡಂಗಿಲ್ಲ” ಎಂದರು.

ಅತ್ತೆ ತಲೆಯಾಡಿಸಿದರು. ಬೈಯಲಿಲ್ಲ. ಅದು ನ್ಯಾಯ ಎಂದು ಅವರಿಗೂ ಅನ್ನಿಸಿರಬೇಕು. ತಿರುಗಿ ನಡೆದರು. ಅವರ ಬೆನ್ನು ನೋಡಿ ನನಗೆ ಅಳು ಬಂತು. ಎಷ್ಟು ರೇಗಿಸಿದರೂ ಆ ಬೆನ್ನನ್ನು ನಾನು ಅದುವರೆಗೆ ಬಾಗಿದ್ದು ಕಂಡಿರಲಿಲ್ಲ.

ಬದುವಿನ ಹತ್ತಿರ ಬಂದಾಗ ಹಿಂದಿನಿಂದ ಕೆಸರು ತುಳಿಯುವ ಸದ್ದು. ಚಿಕ್ಕತ್ತೆ ಸೆರಗು ಬಿಗಿದು, ಎದೆಗೆ ಒಂದು ಸ್ಟೀಲಿನ ಊಟದ ಡಬ್ಬಿ ಅವುಚಿಕೊಂಡು ನಮ್ಮನ್ನು ದಾಟಿ ಮುಂದೆ ಹೋದರು. ನೇರ ನಮ್ಮ ಒಲೆಯ ಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಗರಿಗರಿಯಾದ ಒಂದು ಬೆಂಕಿಪೊಟ್ಟಣ. ಅತ್ತೆ ವರ್ಷಗಟ್ಟಲೆ ಮಾಡಿದ ಸಂಶೋಧನೆಗೆ ಉತ್ತರ ಮುಚ್ಚಳ ಇರುವ ಒಂದು ಡಬ್ಬಿ ಎಂದು ಅಲ್ಲಿ ಯಾರೂ ಹೇಳಲಿಲ್ಲ. ನಾನಂತೂ ಹೇಳಲಿಲ್ಲ, ಆ ದಿನಕ್ಕೆ ಒಂದು ಕಿರುಚಾಟ ಸಾಕಾಗಿತ್ತು.

“ಅಲ್ಲ ಕಣೆ, ಶಾಸ್ತ್ರ… ನಿನ್ ಬ್ಯಾರನ್ ಉರೀತಾ ಐತೆ” ಎಂದರು ಅತ್ತೆ. ಇಷ್ಟಾದ ಮೇಲೂ!

“ನಾನು ಕೊಟ್ಟೆನಾ? ನನ್ ಪೊಟ್ನ ನನ್ ಕೈಲೇ ಐತೆ. ನಾನೇ ಹಚ್ತೀನಿ, ನಾನೇ ವಾಪಸ್ ತಕ್ಕೊಂಡು ಓಯ್ತೀನಿ.”

ಮೊದಲ ಕಡ್ಡಿ ಗಾಳಿಗೆ ಆರಿತು. ಅತ್ತೆಗೆ ತಡೆಯಲಾಗಲಿಲ್ಲ. “ಕೆಳಮುಖವಾಗಿ ಗೀಚು. ಅಂಗಲ್ಲ, ಮದ್ದಿನತ್ರ ಹಿಡ್ಕೋ.”

“ಬಾಯ್ ಮುಚ್ಕೊಂಡು ಗಾಳಿಗೆ ಅಡ್ಡ ನಿಂತ್ಕೋ ಅಕ್ಕ.”

ಅಕ್ಕ ಎಂದದ್ದು ಇಬ್ಬರಿಗೂ ಕೇಳಿಸಿತು. ಅತ್ತೆ ಗೊಬ್ಬರದ ಚೀಲವನ್ನು ಎರಡೂ ಕೈಯಲ್ಲಿ ಅಗಲಿಸಿ, ಗಾಳಿಗೆ ಅಡ್ಡಲಾಗಿ ನಿಂತರು. ಮಳೆ ಅವರ ಬೆನ್ನ ಮೇಲೆ ಬೀಳುತ್ತಿತ್ತು. ಎರಡನೆಯ ಕಡ್ಡಿ ಹತ್ತಿ, ಸೀಮೆಎಣ್ಣೆಯ ಬಟ್ಟೆ ಭಗ್ಗೆಂದು, ಸಣ್ಣ ಪುರಳೆಗಳು ಚಟಪಟ ಅಂದವು. ಸೌದೆ ಹಿಡಿಯುವ ತನಕ ಮೂವರೂ ಉಸಿರು ಬಿಗಿಹಿಡಿದಿದ್ದೆವು. ಹಿರಿಯ ಹೆಂಗಸೇ ಹಾಕಬೇಕಾದ ಬೆಂಕಿಯನ್ನು ಕಿರಿಯಳು ಹಾಕಿದ್ದಳು. ಅದರ ಬಗ್ಗೆ ಶಾಸ್ತ್ರ ಏನನ್ನುತ್ತದೆ ಎಂದು ಅತ್ತೆ ಕೇಳಲೇ ಇಲ್ಲ.

ಉರಿ ನಿಂತ ಮೇಲೆ ಚಿಕ್ಕತ್ತೆ ಪೊಟ್ಟಣವನ್ನು ಡಬ್ಬಿಗೆ ಹಾಕಿ ಮುಚ್ಚಿದರು. ಅತ್ತೆ ಬೆಂಕಿಯ ಕಡೆ ನೋಡುತ್ತಲೇ ಹೇಳಿದರು, “ಅವತ್ತು ನಂಗೆ ಇದು ಹೊಳೀನಿಲ್ಲ ಕಣೆ. ನಾನೇ ಬಂದು ಹಚ್ಬೌದಿತ್ತು ಅಂತ.”

“ನಂಗೆ ಮಾತ್ರ ಮೊದ್ಲೇ ವೊಳೆದಿತ್ತಾ?” ಎಂದರು ಚಿಕ್ಕತ್ತೆ. “ಎದ್ದು ನಾಲ್ಕೆಜ್ಜೆ ಇಟ್ಮೇಲೆ ದಾರೀಲಿ ವೊಳೀತು. ನೀನು ಅವತ್ತು ಎದ್ದೇಳ್ನೇ ಇಲ್ಲ.”

ಚಿಕ್ಕತ್ತೆ ಡಬ್ಬಿ ಎತ್ತಿಕೊಂಡು ಹೊರಡಲು ಎದ್ದರು. ಆಗ ಅತ್ತೆ ಸೌದೆಯ ರಾಶಿಯಿಂದ ದಪ್ಪನೆಯ ಒಂದು ಕೊರಡನ್ನು ಎಳೆದು ಒಲೆಯ ಮುಂದೆ ಉರುಳಿಸಿದರು.

“ಕೂತ್ಕೋ” ಎಂದರು. “ಬಟ್ಟೆ ಒಣಗ್ಲಿ.”